ಸುವರ್ಣದ್ವೀಪಕ್ಕೆ ಹೋದ ಹಣ

ಸುಮಾತ್ರ ದ್ವೀಪದ ಪಡುವಣ ಕರಾವಳಿಯಲ್ಲಿ ಬಾರೂಸ್ ಎಂಬುದೊಂದು ಊರು. ಹಿಂದೊಮ್ಮೆ ಕರ್ಪೂರದ ವ್ಯಾಪಾರಕ್ಕೆ ದೇಶದೇಶಾಂತರಗಳಲ್ಲಿ ಹೆಸರಾಗಿದ್ದ ರೇವುಪಟ್ಟಣ ಅದು. ಅದರ ಸಮೀಪದ ಲೋಬು ತುವಾ ಎಂಬಲ್ಲಿ ಕ್ರಿ. ಶ. ೧೦೮೮ರ ತಮಿಳು ಶಿಲಾಶಾಸನವೊಂದು ದೊರೆತಿದೆ. ಅದರಲ್ಲಿ ಐನೂರ್ವರೆಂಬ ವರ್ತಕಸಂಘದ ಹೆಸರು ಬರುತ್ತದೆ. ಐಹೊಳೆಯನ್ನು ತಮ್ಮ ಮೂಲಸ್ಥಾನವೆಂದು ಹೇಳಿಕೊಂಡು, ಕನ್ನಡನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಆ ಪ್ರಸಿದ್ಧ ಐನೂರ್ವರೇ ಇವರು. ನಮ್ಮ ಪೂರ್ವಿಕರು ಸುವರ್ಣದ್ವೀಪವೆಂದು ಕರೆದ ನಾಡಿಗೆ ಲಾಭವನ್ನರಸಿ ಬಂಡವಾಳವು ಕಡಲು ದಾಟಿ ಹೋಗುವುದು ಇಂದು ನೆನ್ನೆಯ ಸಂಗತಿಯಲ್ಲವೆಂಬುದಕ್ಕೆ ಆ ಕಲ್ಲು ಸಾಕ್ಷಿ.

ಆದರೆ ಅಂದಿಗೂ ಇಂದಿಗೂ ಒಂದು ದೊಡ್ಡ ಅಂತರವಿದೆ. ಅಂದಿನ ವರ್ತಕನು ತನ್ನ ಸರಕಿನೊಡನೆ ತಾನೇ ಹಡಗನ್ನೇರುತ್ತಿದ್ದನು. ಹೋದ ಊರಿನ ಪೇಟೆಯನ್ನು ಕಣ್ಣಾರೆ ಕಂಡು, ಕರ್ಪೂರವನ್ನು ಮೂಸಿ ನೋಡಿ ಬೆಲೆ ಕಟ್ಟುತ್ತಿದ್ದನು. ಇಂದು ಹಣವು ಒಂಟಿಯಾಗಿ ಪ್ರಯಾಣ ಮಾಡುತ್ತದೆ. ಹಣದ ಒಡೆಯನು ಒಂದು ಖಂಡದಲ್ಲಿ, ಅದನ್ನು ಹೂಡುವವನು ಇನ್ನೊಂದು ನಗರದಲ್ಲಿ, ಅದರಿಂದ ನಡೆಯುವ ಉದ್ಯಮವು ಮತ್ತೊಂದು ದ್ವೀಪದಲ್ಲಿ. ಇಂಥ ಹಣ ಕಳೆದ ಹದಿನೈದು ವರ್ಷಗಳಲ್ಲಿ ಆಗ್ನೇಯ ಏಷ್ಯದಲ್ಲಿ ಮಾಡಿದ್ದೇನು, ಪಡೆದದ್ದೇನು, ಕಳೆದುಕೊಂಡದ್ದೇನು ಎಂಬುದನ್ನು ಈ ವಾರ ವಾಚಕರ ಮುಂದಿಡಬೇಕೆಂದಿದ್ದೇನೆ. ಧಾರಾವಾಹಿಯ ಮುಂದಿನ ಕಂತನ್ನು ಓದುವ ಆತುರದಲ್ಲಿ ಪತ್ರಿಕೆಯನ್ನು ಬಿಡಿಸಿದವರಿಗೆ ಈ ವಿಷಯವು ಒಣಗಿದ ಕಟ್ಟಿಗೆಯಂತೆ ತೋರಬಹುದು. ಆದರೆ ಇದರಲ್ಲಿಯೂ ಸಾಹಸವಿದೆ, ಮೋಹವಿದೆ, ವಂಚನೆಯಿದೆ. ಕೊನೆಯಲ್ಲಿ ವೃದ್ಧರ ನಿವೃತ್ತಿವೇತನದ ಪ್ರಶ್ನೆಯೂ ಇದೆ.

ಮೊದಲು ಎರಡು ಹೆಸರುಗಳನ್ನು ಬಿಡಿಸಿಕೊಳ್ಳೋಣ. ವೆಂಚರ್ ಕ್ಯಾಪಿಟಲ್ ಎಂಬುದನ್ನು ಸಾಹಸ ಬಂಡವಾಳವೆನ್ನಬಹುದು. ಇನ್ನೂ ಮೊಳಕೆಯಲ್ಲಿರುವ, ಆಸ್ತಿಯೆಂದು ತೋರಿಸಲು ಏನೂ ಇಲ್ಲದ, ಆದಕಾರಣ ಬ್ಯಾಂಕಿನಲ್ಲಿ ಸಾಲ ಹುಟ್ಟದ ಉದ್ಯಮಕ್ಕೆ ಪಾಲುಗಾರಿಕೆಯ ಕರಾರಿನ ಮೇಲೆ ಕೊಡುವ ಹಣವಿದು. ಹತ್ತು ಕಡೆ ಹೂಡಿದರೆ ಬಹುಪಾಲು ಮುಳುಗಿಹೋಗುವುದೆಂದು ಕೊಡುವವನಿಗೂ ಗೊತ್ತು; ಉಳಿದ ಒಂದೆರಡು ಹಲವು ಪಟ್ಟು ಬೆಳೆದು ಎಲ್ಲ ನಷ್ಟವನ್ನೂ ತುಂಬಿಕೊಟ್ಟೀತೆಂಬುದು ಅವನ ಲೆಕ್ಕ. ಪ್ರೈವೇಟ್ ಈಕ್ವಿಟಿ ಎಂಬುದು ಅದರ ಅಣ್ಣನಿದ್ದಂತೆ. ಅದು ಈಗಾಗಲೇ ನಡೆಯುತ್ತಿರುವ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ ಮೊದಲಾದವುಗಳಲ್ಲಿ ದೊಡ್ಡ ಪಾಲನ್ನು ಕೊಂಡು, ಆಡಳಿತವನ್ನು ಸರಿಪಡಿಸಿ, ಕೆಲವು ವರ್ಷಗಳಾದ ಮೇಲೆ ಹೆಚ್ಚಿನ ಬೆಲೆಗೆ ಮಾರುತ್ತದೆ. ತಮ್ಮನು ಬೀಜವನ್ನು ಕೊಳ್ಳುತ್ತಾನೆ. ಅಣ್ಣನು ಫಲ ಬಿಡುತ್ತಿರುವ ತೋಟವನ್ನು ಕೊಳ್ಳುತ್ತಾನೆ.

ಇಬ್ಬರಿಗೂ ಸಮಾನವಾದ ಸಂಗತಿಗಳು ಎರಡು. ಒಂದು, ಹಣವು ಅವರ ಸ್ವಂತದ್ದಲ್ಲ. ನಿವೃತ್ತಿವೇತನ ನಿಧಿಗಳು, ವಿಮಾ ಸಂಸ್ಥೆಗಳು, ಸರ್ಕಾರದ ಬಂಡವಾಳ ನಿಧಿಗಳು, ಶ್ರೀಮಂತ ಮನೆತನಗಳು ಇವರಿಗೆ ಹಣವನ್ನೊಪ್ಪಿಸುತ್ತವೆ. ಅದನ್ನು ನೋಡಿಕೊಳ್ಳುವುದಕ್ಕಾಗಿ ವರ್ಷಕ್ಕೆ ನೂರಕ್ಕೆ ಎರಡರಂತೆ ಶುಲ್ಕ, ಲಾಭ ಬಂದರೆ ಅದರಲ್ಲಿ ಐದನೆಯ ಒಂದು ಪಾಲು—ಇದು ಈ ವೃತ್ತಿಯ ಹಳೆಯ ರೂಢಿ. ಇನ್ನೊಂದು, ಇವರ ನಿಧಿಗೆ ಆಯುಸ್ಸು ನಿಗದಿಯಾಗಿರುತ್ತದೆ. ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರೊಳಗೆ ಕೊಂಡದ್ದನ್ನು ಮಾರಿ ಹಣವನ್ನು ಒಡೆಯರಿಗೆ ಹಿಂದಿರುಗಿಸಬೇಕು. ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯು ತಾನಾಗಿಯೇ ಅರ್ಥವಾಗುತ್ತದೆ.

ಕನ್ನಡ ಪಾಠ ಹೇಳುವವನಾದ ನನ್ನನ್ನು ಈ ವಿಷಯದೆಡೆಗೆ ಸೆಳೆದದ್ದು ಇಂಡೋನೇಷ್ಯದ ಭಾಷೆ. ಆ ಭಾಷೆಯ ವ್ಯವಹಾರಪದಗಳಲ್ಲಿ ನಮಗೆ ನೆಂಟರಾದವು ಅನೇಕವಿವೆ. ಅಲ್ಲಿಯ ನಾಣ್ಯವಾದ 'ರುಪಿಯಾ' ನಮ್ಮ ರೂಪಾಯಿಯ ಒಡಹುಟ್ಟು. ಉದ್ಯಮಕ್ಕೆ ಅವರು 'ಉಸಾಹಾ' ಎನ್ನುತ್ತಾರೆ. ಅದು ಸಂಸ್ಕೃತದ ಉತ್ಸಾಹ. ಬೆಲೆಗೆ 'ಹರ್ಗಾ' ಎನ್ನುತ್ತಾರೆ; ಅದು ಅರ್ಘ. ಲಾಭಕ್ಕೆ 'ಲಾಬಾ' ಎಂದೇ ಹೆಸರು. ನಂಬಿಕೆಗೆ 'ಪರ್ಚಾಯಾ', ಅದು ಪ್ರತ್ಯಯ. ಪ್ರತ್ಯಯವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ವಿಭಕ್ತಿಪ್ರತ್ಯಯಗಳ ನೆನಪಾಗಿ ಮುಖ ಸಣ್ಣದಾಗುತ್ತದೆ. ಆದರೆ ಆ ಪದದ ಮೊದಲ ಅರ್ಥಗಳಲ್ಲಿ ವಿಶ್ವಾಸವೂ ಒಂದು. ಉತ್ಸಾಹ, ಅರ್ಘ, ಲಾಭ, ಪ್ರತ್ಯಯ—ಆಗ್ನೇಯ ಏಷ್ಯದ ಬಂಡವಾಳದ ಚರಿತ್ರೆಯನ್ನು ಈ ನಾಲ್ಕು ಮಾತುಗಳಲ್ಲಿ ಹೇಳಿ ಮುಗಿಸಬಹುದು.

ಉತ್ಸಾಹದಿಂದ ಪ್ರಾರಂಭಿಸೋಣ. ಜಕಾರ್ತ ನಗರದ ಬೀದಿಗಳ ಮೂಲೆಗಳಲ್ಲಿ ಓಜೆಕ್ ಎಂಬ ಬಾಡಿಗೆ ಮೋಟಾರ್ ಸೈಕಲ್ಲುಗಳು ಬಹುಕಾಲದಿಂದ ನಿಲ್ಲುತ್ತಿದ್ದವು. ಸವಾರನು ಗಿರಾಕಿಗಾಗಿ ಗಂಟೆಗಟ್ಟಲೆ ಕಾಯಬೇಕು. ಗಿರಾಕಿಯು ಬಾಡಿಗೆಗಾಗಿ ಚೌಕಾಸಿ ಮಾಡಬೇಕು. ೨೦೧೦ರಲ್ಲಿ ನಾದಿಯೆಂ ಮಕಾರಿಂ ಎಂಬವರು ಸುಮಾರು ಇಪ್ಪತ್ತು ಮಂದಿ ಸವಾರರನ್ನೂ ಒಂದು ದೂರವಾಣಿ ಕೇಂದ್ರವನ್ನೂ ಇಟ್ಟುಕೊಂಡು ಗೋಜೆಕ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ೨೦೧೫ರಲ್ಲಿ ಅದು ಮೊಬೈಲ್ ಫೋನಿನೊಳಕ್ಕೆ ಬಂದಿತು. ಅತ್ತ ಮಲೇಷ್ಯದಲ್ಲಿ ಆಂಥೊನಿ ಟಾನ್ ಮತ್ತು ಟಾನ್ ಹೂಯಿ ಲಿಂಗ್ ಎಂಬ ಇಬ್ಬರು ಸಹಪಾಠಿಗಳು ೨೦೧೨ರಲ್ಲಿ ಟ್ಯಾಕ್ಸಿ ಕರೆಯುವ ಸೇವೆಯೊಂದನ್ನು ತೆರೆದರು. ಅದೇ ಮುಂದೆ ಗ್ರಾಬ್ ಎಂದು ಹೆಸರು ಪಡೆದು, ಸಿಂಗಪುರಕ್ಕೆ ತನ್ನ ಮುಖ್ಯ ಕಚೇರಿಯನ್ನು ಸಾಗಿಸಿತು. ೨೦೧೪ರ ಕೊನೆಯಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಅದರಲ್ಲಿ ೨೫ ಕೋಟಿ ಡಾಲರ್ ಹೂಡಿತು. ಆ ಕಾಲಕ್ಕೆ ಆ ಪ್ರದೇಶದಲ್ಲಿ ಅದು ಕಂಡುಕೇಳರಿಯದ ಮೊತ್ತ.

ಹೀಗೆ ಬಂದ ಹಣ ಎಲ್ಲಿಗೆ ಹೋಯಿತು? ಬಹುಮಟ್ಟಿಗೆ ಗಿರಾಕಿಯ ಜೇಬಿಗೂ ಸವಾರನ ಜೇಬಿಗೂ ಹೋಯಿತು. ಪ್ರಯಾಣಿಕನಿಗೆ ರಿಯಾಯಿತಿ, ಸವಾರನಿಗೆ ಪ್ರೋತ್ಸಾಹಧನ. ಇವೆರಡರ ನಡುವಿನ ನಷ್ಟವನ್ನು ಬಂಡವಾಳಗಾರನು ತುಂಬಬೇಕು. ಎದುರಾಳಿಗಿಂತ ಹೆಚ್ಚು ಕಾಲ ನಷ್ಟವನ್ನು ತಾಳಿಕೊಂಡವನು ಕೊನೆಗೆ ಪೇಟೆಗೆಲ್ಲ ಒಬ್ಬನೇ ಒಡೆಯನಾಗುತ್ತಾನೆ, ಆಗ ಬಾಡಿಗೆಯನ್ನು ಏರಿಸಿಕೊಳ್ಳಬಹುದು ಎಂಬುದು ಇದರ ಹಿಂದಿನ ತರ್ಕ. ಅಮೆರಿಕೆಯ ಊಬರ್ ಸಂಸ್ಥೆಯು ಈ ಕಾಳಗದಲ್ಲಿ ದಣಿದು, ೨೦೧೮ರ ಮಾರ್ಚಿಯಲ್ಲಿ ಆಗ್ನೇಯ ಏಷ್ಯದ ತನ್ನ ವ್ಯವಹಾರವನ್ನು ಗ್ರಾಬ್‌ಗೆ ಬಿಟ್ಟುಕೊಟ್ಟು, ಅದರಲ್ಲಿ ಶೇಕಡ ೨೭.೫ರಷ್ಟು ಪಾಲನ್ನು ಪಡೆದು ಹೊರಟುಹೋಯಿತು. ಆದರೆ ಗೋಜೆಕ್ ಉಳಿದಿತ್ತು. ಇಬ್ಬರಿದ್ದ ಮೇಲೆ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚುವ ಕೆಲಸ ಮುಂದುವರಿಯಲೇಬೇಕು.

ಈ ಉತ್ಸಾಹವೆಲ್ಲ ಬರಿಯ ಭ್ರಮೆಯೆಂದು ಹೇಳಿದರೆ ಅನ್ಯಾಯವಾದೀತು. ಎಪ್ಪತ್ತು ಕೋಟಿಗೆ ಸಮೀಪದ ಜನ, ಅವರಲ್ಲಿ ಬಹು ಮಂದಿ ತರುಣರು. ಕಂಪ್ಯೂಟರನ್ನು ಮುಟ್ಟದೆಯೇ ನೇರವಾಗಿ ಮೊಬೈಲ್ ಫೋನಿಗೆ ಬಂದವರು. ೨೦೧೬ರಲ್ಲಿ ಗೂಗಲ್ ಸಂಸ್ಥೆಯೂ ಸಿಂಗಪುರ ಸರ್ಕಾರದ ಒಡೆತನದ ತೆಮಾಸೆಕ್ ಸಂಸ್ಥೆಯೂ ಸೇರಿ ಒಂದು ವರದಿಯನ್ನು ಪ್ರಕಟಿಸಿದವು. ಈ ಪ್ರದೇಶದ ಇಂಟರ್‌ನೆಟ್ ವ್ಯವಹಾರವು ೨೦೨೫ರ ಹೊತ್ತಿಗೆ ೨೦,೦೦೦ ಕೋಟಿ ಡಾಲರನ್ನು ಮುಟ್ಟುವುದೆಂದು ಅದರಲ್ಲಿ ಭವಿಷ್ಯ ನುಡಿಯಲಾಗಿತ್ತು. ಅನೇಕ ಹೂಡಿಕೆದಾರರಿಗೆ ಆ ವರದಿಯು ಪಂಚಾಂಗದಂತಾಯಿತು. ವಿಶೇಷವೆಂದರೆ ಪಂಚಾಂಗವು ಸುಳ್ಳಾಗಲಿಲ್ಲ. ೨೦೨೨ರಲ್ಲಿಯೇ, ಅಂದರೆ ಮೂರು ವರ್ಷ ಮೊದಲೇ, ವ್ಯವಹಾರವು ಆ ಮೊತ್ತವನ್ನು ಮುಟ್ಟಿದೆಯೆಂದು ಅದೇ ಮಾಲೆಯ ವರದಿ ತಿಳಿಸಿತು.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ಭವಿಷ್ಯವು ನಿಜವಾಯಿತು, ಹೇಳಿದ್ದಕ್ಕಿಂತ ಬೇಗನೆ ನಿಜವಾಯಿತು. ಆದರೂ ಆ ಭವಿಷ್ಯವನ್ನು ನಂಬಿ ಕಡೆಕಡೆಗೆ ಹಣ ಹೂಡಿದವರಲ್ಲಿ ಅನೇಕರು ಕೈ ಸುಟ್ಟುಕೊಂಡರು. ಪೈರು ಹುಲುಸಾಗಿ ಬಂದಿದೆ, ಒಕ್ಕಲಿಗನು ಮಾತ್ರ ಸಾಲಗಾರನಾಗಿದ್ದಾನೆ! ಇದು ಹೇಗೆ ಸಾಧ್ಯವಾಯಿತೆಂಬುದೇ ಈ ಲೇಖನದ ಮುಖ್ಯ ಪ್ರಶ್ನೆ.

ಉತ್ತರದ ಮೊದಲ ಭಾಗವು ಎರಡನೆಯ ಪದದಲ್ಲಿದೆ: ಅರ್ಘ, ಬೆಲೆ. ೨೦೨೦–೨೧ರ ಕಾಲದಲ್ಲಿ ಅಮೆರಿಕೆಯಲ್ಲಿ ಬಡ್ಡಿಯ ದರವು ಸೊನ್ನೆಯ ಅಂಚಿಗಿಳಿದಿತ್ತು. ಬ್ಯಾಂಕಿನಲ್ಲಿಟ್ಟರೆ ಏನೂ ಹುಟ್ಟದ ಹಣವು ಲೋಕವನ್ನೆಲ್ಲ ಸುತ್ತತೊಡಗಿತು. ಮಹಾಮಾರಿಯ ದಿನಗಳಲ್ಲಿ ಮನೆಯೊಳಗೆ ಕುಳಿತ ಜನ ಫೋನಿನ ಮೂಲಕವೇ ಅಕ್ಕಿ ಬೇಳೆಗಳನ್ನು ತರಿಸಿಕೊಂಡುದು ಆ ಹಣಕ್ಕೆ ಮತ್ತಷ್ಟು ಧೈರ್ಯವನ್ನು ಕೊಟ್ಟಿತು. ಷೇರುಪೇಟೆಗೆ ಬರುವ ಮೊದಲೇ ನೂರು ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡ ಸಂಸ್ಥೆಗೆ ಯೂನಿಕಾರ್ನ್, ಎಂದರೆ ಒಂಟಿಕೊಂಬಿನ ಕುದುರೆ, ಎಂದು ಹೆಸರು. ಆ ಜಾತಿಯ ಕುದುರೆಗಳು ಆಗ ಗುಂಪುಗುಂಪಾಗಿ ಕಾಣಿಸಿಕೊಂಡವು. ಕೊಂಬುಳ್ಳ ಋಷ್ಯಶೃಂಗನು ಕಾಲಿಟ್ಟೊಡನೆ ಅಂಗದೇಶದಲ್ಲಿ ಮಳೆ ಸುರಿಯಿತೆಂದು ಪುರಾಣ. ಈ ಏಕಶೃಂಗಗಳು ಬಂದಲ್ಲೆಲ್ಲ ಹಣದ ಮಳೆ ಸುರಿದೀತೆಂದು ಜನ ಕಾದರು.

ಮಳೆ ಎಲ್ಲಿ ಸುರಿಯಿತೆಂಬುದನ್ನು ಷೇರುಪೇಟೆಯ ದಾಖಲೆಗಳೇ ಹೇಳುತ್ತವೆ. ೨೦೨೧ರ ಆಗಸ್ಟಿನಲ್ಲಿ ಇಂಡೋನೇಷ್ಯದ ಬುಕಲಾಪಕ್ ಎಂಬ ಅಂತರ್ಜಾಲ ಪೇಟೆಯು ೮೫೦ ರುಪಿಯಾಕ್ಕೆ ಒಂದರಂತೆ ಷೇರುಗಳನ್ನು ಸಾರ್ವಜನಿಕರಿಗೆ ಮಾರಿ, ೧೫೦ ಕೋಟಿ ಡಾಲರ್ ಸಂಗ್ರಹಿಸಿತು. ಮರುವರ್ಷದ ಕೊನೆಗೆ ಆ ಷೇರು ಮುನ್ನೂರು ರುಪಿಯಾಕ್ಕೂ ಕೆಳಗಿಳಿದಿದ್ದಿತು. ಅದೇ ೨೦೨೧ರ ಡಿಸೆಂಬರ್ ೨ರಂದು ಗ್ರಾಬ್ ಅಮೆರಿಕೆಯ ನ್ಯಾಸ್ಡಾಕ್ ಷೇರುಪೇಟೆಯನ್ನು ಪ್ರವೇಶಿಸಿತು. ಅದಕ್ಕೆ ಕಟ್ಟಿದ ಬೆಲೆ ಸುಮಾರು ೪,೦೦೦ ಕೋಟಿ ಡಾಲರ್. ಬೆಳಗ್ಗೆ ೧೩ ಡಾಲರಿಗೆ ಆರಂಭವಾದ ಷೇರು ಸಂಜೆಗೆ ೯ ಡಾಲರಿಗಿಂತ ಕೆಳಗೆ ಬಂದು ನಿಂತಿತು. ಗೋಜೆಕ್ ಸಂಸ್ಥೆಯು ತೊಕೊಪೀಡಿಯಾ ಎಂಬ ಅಂತರ್ಜಾಲ ಪೇಟೆಯೊಡನೆ ಕೂಡಿಕೊಂಡು ಗೋಟೂ ಎಂಬ ಹೆಸರಿನಿಂದ ೨೦೨೨ರ ಏಪ್ರಿಲಿನಲ್ಲಿ ಜಕಾರ್ತದ ಷೇರುಪೇಟೆಗೆ ಬಂದಿತು. ಷೇರೊಂದಕ್ಕೆ ೩೩೮ ರುಪಿಯಾ. ಹಳೆಯ ಪಾಲುಗಾರರು ಮಾರಬಾರದೆಂಬ ನಿರ್ಬಂಧದ ಅವಧಿ ತೀರಿದ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ ಅದು ನೂರರ ಕೆಳಕ್ಕೆ ಇಳಿಯಿತು. ಒಳಗಿನವರು ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆ ವೇಳೆಗೆ ಗಾಳಿ ತಿರುಗಿದ್ದಿತು. ೨೦೨೨ರ ಮಾರ್ಚಿಯಿಂದ ಅಮೆರಿಕೆಯ ಕೇಂದ್ರಬ್ಯಾಂಕು ಬಡ್ಡಿಯ ದರವನ್ನು ಏರಿಸತೊಡಗಿತು. ಒಂದೂವರೆ ವರ್ಷದೊಳಗೆ ಅದು ಶೇಕಡ ಐದನ್ನು ದಾಟಿತು. ಸರ್ಕಾರದ ಸಾಲಪತ್ರದಲ್ಲಿಯೇ ಐದು ಹುಟ್ಟುವಾಗ, ಹತ್ತು ವರ್ಷದ ಮೇಲೆ ಬಂದರೂ ಬಂದೀತೆಂಬ ಲಾಭಕ್ಕಾಗಿ ಕಡಲಾಚೆಗೆ ಹಣ ಕಳುಹಿಸುವವರು ಯಾರು? ಇದರೊಡನೆ ಇನ್ನೊಂದು ತೊಡಕು. ನಿಧಿಯ ಲೆಕ್ಕವಿರುವುದು ಡಾಲರಿನಲ್ಲಿ, ಉದ್ಯಮದ ದುಡಿಮೆಯಿರುವುದು ರುಪಿಯಾದಲ್ಲಿ. ೨೦೧೧ರಲ್ಲಿ ಡಾಲರೊಂದಕ್ಕೆ ಸುಮಾರು ೯,೦೦೦ ರುಪಿಯಾ ಇದ್ದದ್ದು ೨೦೨೪ರಲ್ಲಿ ಸುಮಾರು ೧೬,೦೦೦ವಾಗಿತ್ತು. ಉದ್ಯಮವು ಬೆಳೆದರೂ ನಾಣ್ಯವು ಸವೆದರೆ ದೂರದ ಒಡೆಯನಿಗೆ ಉಳಿಯುವುದೇನು? ೨೦೨೩ರಲ್ಲಿ ಗೋಟೂ ಸಂಸ್ಥೆಯು ೯೦ ಲಕ್ಷ ಕೋಟಿ ರುಪಿಯಾಕ್ಕೂ ಮಿಕ್ಕ ನಷ್ಟವನ್ನು ತೋರಿಸಿತು. ಅದರಲ್ಲಿ ಬಹುಪಾಲು ಆ ವರ್ಷ ಕೈಬಿಟ್ಟ ಹಣವಲ್ಲ. ತೊಕೊಪೀಡಿಯಾವನ್ನು ಕೂಡಿಸಿಕೊಂಡಾಗ ಅದಕ್ಕೆ ಕಟ್ಟಿದ್ದ ಬೆಲೆಯೇ ಅತಿಯಾಗಿತ್ತೆಂದು ಪುಸ್ತಕದಲ್ಲಿ ಒಪ್ಪಿಕೊಂಡದ್ದು. ಆ ತೊಕೊಪೀಡಿಯಾದ ಮುಕ್ಕಾಲು ಪಾಲನ್ನು ೨೦೨೪ರ ಆರಂಭದಲ್ಲಿ ಟಿಕ್‌ಟಾಕ್ ತನ್ನದಾಗಿಸಿಕೊಂಡಿತು.

ಹತ್ತು ವರ್ಷದ ಆಯುಸ್ಸೆಂದು ಮೇಲೆ ಹೇಳಿದೆನಷ್ಟೆ. ಅದರ ಕಷ್ಟ ಇಲ್ಲಿ ತಿಳಿಯುತ್ತದೆ. ಹಣ ಹೂಡುವುದಕ್ಕೆ ಸಾವಿರ ಬಾಗಿಲು. ಹಿಂತೆಗೆಯುವುದಕ್ಕೆ ಎರಡೇ ಮುಖ್ಯ ಬಾಗಿಲು. ಷೇರುಪೇಟೆಯಲ್ಲಿ ಸಾರ್ವಜನಿಕರಿಗೆ ಮಾರಬೇಕು, ಇಲ್ಲವೆ ಮತ್ತೊಂದು ದೊಡ್ಡ ಸಂಸ್ಥೆಗೆ ಮಾರಬೇಕು. ೨೦೧೬ರಲ್ಲಿ ಚೀನದ ಅಲಿಬಾಬಾ ನೂರು ಕೋಟಿ ಡಾಲರ್ ಹೂಡಿ ಲಜಾಡಾ ಸಂಸ್ಥೆಯ ಹಿಡಿತವನ್ನು ಪಡೆದಾಗ ಮೊದಲ ಪಾಲುಗಾರರಲ್ಲಿ ಕೆಲವರು ಹಣ ಎಣಿಸಿಕೊಂಡು ಹೊರಬಿದ್ದರು. ಅಂಥ ಕೊಳ್ಳುವವರು ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಸಿಕ್ಕುವುದಿಲ್ಲ. ಅಮೆರಿಕೆಯ ಪೇಟೆಯು ದೂರದ ಸಂಸ್ಥೆಗಳನ್ನು ಅರಿಯದು. ಜಕಾರ್ತ, ಬ್ಯಾಂಕಾಕ್, ಮನಿಲಗಳ ಪೇಟೆಗಳು ಅಷ್ಟು ದೊಡ್ಡ ಮೊತ್ತವನ್ನು ಜೀರ್ಣಿಸಿಕೊಳ್ಳಲಾರವು. ಅಭಿಮನ್ಯುವಿಗೆ ಚಕ್ರವ್ಯೂಹವನ್ನು ಹೊಗುವ ವಿದ್ಯೆ ತಿಳಿದಿತ್ತು, ಹೊರಬರುವ ವಿದ್ಯೆ ತಿಳಿದಿರಲಿಲ್ಲ. ಕಾಗದದ ಮೇಲೆ ಹತ್ತು ಪಟ್ಟಾದ ಪಾಲುಗಳನ್ನು ಕೈಯಲ್ಲಿ ಹಿಡಿದು, ಕೊಳ್ಳುವವರಿಲ್ಲದೆ ವ್ಯೂಹದ ನಡುವೆ ನಿಂತ ನಿಧಿಗಳ ಪಾಡು ಬೇರೆಯಾಗಿರಲಿಲ್ಲ.

ಇನ್ನು ಮೂರನೆಯ ಮಾತು: ಲಾಭ. ಆಗ್ನೇಯ ಏಷ್ಯದಲ್ಲಿ ಹಣ ಹೂಡಿ ಗೆದ್ದವರಿಲ್ಲವೆ? ಇದ್ದಾರೆ, ಮತ್ತು ಅವರ ಕಥೆಯು ಪತ್ರಿಕೆಗಳ ಮುಖಪುಟದಲ್ಲಿ ಬರುವಷ್ಟು ರಂಗಾಗಿಲ್ಲದಿರುವುದೇ ಗಮನಿಸಬೇಕಾದ ಅಂಶ. ೧೯೯೭ರ ಜುಲೈಯಲ್ಲಿ ಥಾಯ್ಲೆಂಡಿನ ಬಾತ್ ನಾಣ್ಯವು ಕುಸಿದು, ಆ ಪ್ರದೇಶವೆಲ್ಲ ಆರ್ಥಿಕ ಪ್ರಳಯಕ್ಕೆ ಸಿಕ್ಕಿತು. ಡಾಲರಿಗೆ ೨,೪೦೦ರ ಆಸುಪಾಸಿನಲ್ಲಿದ್ದ ರುಪಿಯಾ ಮರುವರ್ಷ ೧೫,೦೦೦ವನ್ನು ದಾಟಿತು. ಬ್ಯಾಂಕುಗಳು ದಿವಾಳಿಯೆದ್ದು ಸರ್ಕಾರದ ಮಡಿಲಿಗೆ ಬಿದ್ದವು. ಹಾಗೆ ಬಿದ್ದ ಬ್ಯಾಂಕ್ ಸೆಂಟ್ರಲ್ ಏಷ್ಯ ಎಂಬುದರ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ೨೦೦೨ರಲ್ಲಿ ಅಮೆರಿಕೆಯ ಫರಾಲನ್ ಎಂಬ ನಿಧಿಯ ನೇತೃತ್ವದ ಕೂಟವೊಂದು ಕೊಂಡುಕೊಂಡಿತು. ಎಲ್ಲರೂ ಓಡಿಹೋಗುತ್ತಿದ್ದಾಗ ಕೊಂಡ ಆ ಬ್ಯಾಂಕು ಮುಂದೆ ಬಹು ಬೆಲೆಬಾಳುವ ಸಂಸ್ಥೆಯಾಗಿ ಬೆಳೆಯಿತು.

ಇದಕ್ಕಿಂತಲೂ ಬೋಧಪ್ರದವಾದುದು ಬಾಂಡುಂಗ್ ನಗರದ ಕಥೆ. ೧೯೫೮ರಲ್ಲಿ ಅಲ್ಲಿ ಸೈನ್ಯದ ನಿವೃತ್ತರಿಗಾಗಿ ಒಂದು ಚಿಕ್ಕ ಬ್ಯಾಂಕು ಹುಟ್ಟಿತು. ಅದೇ ಬಿಟಿಪಿಎನ್. ನಿವೃತ್ತಿವೇತನದಿಂದ ಕಂತು ಮುರಿದುಕೊಳ್ಳುವ ಕರಾರಿನ ಮೇಲೆ ವೃದ್ಧರಿಗೆ ಸಣ್ಣ ಸಾಲ ಕೊಡುವುದು ಅದರ ಕಸುಬು. ಮಿಂಚಿಲ್ಲ, ಗುಡುಗಿಲ್ಲ. ೨೦೦೮ರಲ್ಲಿ ಅಮೆರಿಕೆಯ ಟಿಪಿಜಿ ಎಂಬ ಪ್ರೈವೇಟ್ ಈಕ್ವಿಟಿ ಸಂಸ್ಥೆಯು ಅದರ ಶೇಕಡ ೭೧ಕ್ಕೂ ಹೆಚ್ಚಿನ ಪಾಲನ್ನು ಸುಮಾರು ೧೯.೫ ಕೋಟಿ ಡಾಲರಿಗೆ ಕೊಂಡಿತು. ಹೊಸ ಆಡಳಿತವು ಸಂತೆಪೇಟೆಗಳ ಚಿಲ್ಲರೆ ವ್ಯಾಪಾರಿಗಳಿಗೂ ಸಾಲವನ್ನು ವಿಸ್ತರಿಸಿತು. ೨೦೧೩ರಲ್ಲಿ ಜಪಾನಿನ ಸುಮಿತೊಮೊ ಮಿತ್ಸುಯಿ ಬ್ಯಾಂಕು ಅದರಲ್ಲಿ ಶೇಕಡ ೪೦ರಷ್ಟು ಪಾಲನ್ನು ಕೊಳ್ಳಲು ಒಪ್ಪಿಕೊಂಡ ಬೆಲೆ ಸುಮಾರು ೧೫೦ ಕೋಟಿ ಡಾಲರ್! ಚಿಕ್ಕ ಸಾಲಕ್ಕೆ ಬಡ್ಡಿ ಹೆಚ್ಚೆಂಬುದನ್ನು ಮರೆಯಬಾರದು. ಲಾಭವೆಲ್ಲವೂ ಪುಣ್ಯವೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕೊಂಡವನಿಗೆ ತಾನು ಏನನ್ನು ಕೊಂಡೆನೆಂಬುದು ತಿಳಿದಿತ್ತು. ಬ್ಯಾಂಕು ಮೊದಲ ದಿನದಿಂದಲೂ ಸಂಪಾದಿಸುತ್ತಿತ್ತು. ಕೊಂಡ ಬೆಲೆ ಮಿತವಾಗಿತ್ತು. ಕೊಳ್ಳಲು ಬಯಸುವ ದೊಡ್ಡ ಬ್ಯಾಂಕುಗಳು ಲೋಕದಲ್ಲಿದ್ದವು. ಎಂದರೆ ಹೊರಬರುವ ಬಾಗಿಲೂ ತೆರೆದಿತ್ತು.

ವಿಧಿಯ ವಿನೋದವೆಂಬಂತೆ ನಾಲ್ಕನೆಯ ಮಾತಾದ ಪ್ರತ್ಯಯಕ್ಕೆ ಉದಾಹರಣೆಯೂ ಅದೇ ಬಾಂಡುಂಗಿನಲ್ಲಿದೆ. ೨೦೧೩ರಲ್ಲಿ ಅಲ್ಲಿ ಇಫಿಶರಿ ಎಂಬ ಸಂಸ್ಥೆಯು ಹುಟ್ಟಿತು. ಮೀನಿನ ಕೊಳಗಳಲ್ಲಿ ಹೊತ್ತುಹೊತ್ತಿಗೆ ಸರಿಯಾದ ಪ್ರಮಾಣದಲ್ಲಿ ಆಹಾರವನ್ನು ಚೆಲ್ಲುವ ಯಂತ್ರವೊಂದನ್ನು ಅದು ರೂಪಿಸಿತು. ಮೀನು ಸಾಕುವವನ ಖರ್ಚಿನಲ್ಲಿ ಮೇವಿನದೇ ದೊಡ್ಡ ಪಾಲಾದುದರಿಂದ ಅದು ನಿಜವಾಗಿಯೂ ಉಪಯುಕ್ತವಾದ ಯಂತ್ರ. ಮುಂದೆ ಮೇವು ಮಾರುವುದು, ಮೀನು ಕೊಳ್ಳುವುದು, ಸಾಲ ಕೊಡಿಸುವುದು ಎಲ್ಲವೂ ಸೇರಿದವು. ತೆಮಾಸೆಕ್ ಬಂದಿತು, ಸಾಫ್ಟ್‌ಬ್ಯಾಂಕ್ ಬಂದಿತು. ೨೦೨೩ರಲ್ಲಿ ೨೦ ಕೋಟಿ ಡಾಲರ್ ಹೊಸ ಬಂಡವಾಳವನ್ನು ಪಡೆದು ಅದೂ ಏಕಶೃಂಗಗಳ ಪಂಕ್ತಿಯಲ್ಲಿ ಕುಳಿತಿತು.

೨೦೨೪ರ ಡಿಸೆಂಬರಿನಲ್ಲಿ ಅದರ ಮುಖ್ಯಸ್ಥರನ್ನು ಅಧಿಕಾರದಿಂದ ತಡೆಹಿಡಿಯಲಾಯಿತು. ಮರುತಿಂಗಳು ತನಿಖೆಯ ಕರಡು ವರದಿಯೊಂದರ ಸಾರಾಂಶವು ಪತ್ರಿಕೆಗಳಲ್ಲಿ ಪ್ರಕಟವಾಯಿತು. ೨೦೨೪ರ ಮೊದಲ ಒಂಬತ್ತು ತಿಂಗಳಲ್ಲಿ ೭೫ ಕೋಟಿ ಡಾಲರಿನಷ್ಟು ಆದಾಯ ಬಂದಿದೆಯೆಂದು ಹೂಡಿಕೆದಾರರಿಗೆ ತೋರಿಸಲಾಗಿತ್ತು. ತನಿಖೆ ಮಾಡಿದವರ ಅಂದಾಜಿನಲ್ಲಿ ಅದು ೧೬ ಕೋಟಿಯನ್ನು ಮುಟ್ಟುತ್ತಿರಲಿಲ್ಲ. ಲಾಭವೆಂದು ಹೇಳಿದ್ದು ನಷ್ಟವಾಗಿದ್ದಿತು. ನಾಲ್ಕು ಲಕ್ಷ ಮೇವಿನ ಯಂತ್ರಗಳಿವೆಯೆಂದು ಸಾರಿದ್ದಲ್ಲಿ ಕಂಡುಬಂದದ್ದು ಸುಮಾರು ಇಪ್ಪತ್ತನಾಲ್ಕು ಸಾವಿರ. ಒಂದು ಲೆಕ್ಕಪುಸ್ತಕ ಒಳಗಿನವರಿಗೆ, ಇನ್ನೊಂದು ಹೊರಗಿನವರಿಗೆ. ಮುಂದೆ ವಿಷಯವು ಪೊಲೀಸರ ಕೈ ಸೇರಿತು. ನೀರಿನಲ್ಲಿ ಮುಳುಗಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟಬಾರದೆಂದು ನಮ್ಮ ಹಳ್ಳಿಗರು ಹೇಳುತ್ತಾರೆ. ಇಲ್ಲಿ ನೀರಿನೊಳಗಿನ ಮೀನಿಗೆ ಕಡಲಾಚೆಯಿಂದ ಬೆಲೆ ಕಟ್ಟಲಾಗಿದ್ದಿತು.

ಇದರಲ್ಲಿ ನೊಂದವರು ಯಾರು? ಸಾಫ್ಟ್‌ಬ್ಯಾಂಕಿನಂಥ ಭಾರಿ ಸಂಸ್ಥೆಗಳಿಗೆ ಇದು ಆನೆಯ ಮೈಮೇಲಿನ ಗೀರು. ಆದರೆ ೨೦೨೩ರ ಆ ಹೂಡಿಕೆಯಲ್ಲಿ ಮಲೇಷ್ಯದ ಸರ್ಕಾರಿ ನೌಕರರ ನಿವೃತ್ತಿವೇತನ ನಿಧಿಯೂ ಪಾಲ್ಗೊಂಡಿದ್ದಿತು. ಮಲೇಷ್ಯದ ಯಾವುದೋ ಊರಿನ ಶಾಲೆಯ ಉಪಾಧ್ಯಾಯನು, ದಫ್ತರದ ಗುಮಾಸ್ತನು, ಆಸ್ಪತ್ರೆಯ ದಾದಿಯು ಬಾಂಡುಂಗಿನ ಮೀನಿನ ಕೊಳವನ್ನು ಕಂಡವರಲ್ಲ. ಇಫಿಶರಿಯ ಹೆಸರನ್ನು ಕೇಳಿದವರೂ ಅಲ್ಲವಿರಬಹುದು. ಒಂದು ಮಾತನ್ನು ಸೇರಿಸಬೇಕು. ಒಂದು ಹೂಡಿಕೆ ಮುಳುಗಿತೆಂದು ಅವರ ನಿವೃತ್ತಿವೇತನ ನಿಂತುಹೋಗುವುದಿಲ್ಲ. ದೊಡ್ಡ ನಿಧಿಗಳು ಹಲವು ಕಡೆ ಹರಡಿಕೊಂಡಿರುತ್ತವೆ. ಆದರೂ ಹಣವನ್ನು ಒಪ್ಪಿಸಿದವನಿಗೂ ಅದನ್ನು ಕಳೆದವನಿಗೂ ನಡುವೆ ಎಷ್ಟು ಕೈಗಳಿದ್ದವು, ಆ ಕೈಗಳಲ್ಲಿ ಒಂದಾದರೂ ಕೊಳದ ಬಳಿಗೆ ಹೋಗಿ ಯಂತ್ರಗಳನ್ನು ಎಣಿಸಿತೆ ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲನೆಯವನು ನಂಬಿದನೆಂದು ಎರಡನೆಯವನು ನಂಬಿದನು; ಇಬ್ಬರೂ ದೊಡ್ಡವರೆಂದು ಮೂರನೆಯವನು ನಂಬಿದನು. ಪ್ರತ್ಯಯಕ್ಕೆ ತಾನಾಗಿ ಅರ್ಥವಿಲ್ಲ, ಅದು ಪ್ರಕೃತಿಗೆ ಹತ್ತಿದಾಗ ಮಾತ್ರ ಪದವಾಗುತ್ತದೆಂದು ವ್ಯಾಕರಣವು ಹೇಳುತ್ತದೆ. ಇಲ್ಲಿ ಪ್ರತ್ಯಯದ ಮೇಲೆ ಪ್ರತ್ಯಯವು ಹತ್ತಿತು; ಪ್ರಕೃತಿಯೇ ಇರಲಿಲ್ಲ.

ನಮಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು. ಗೋಜೆಕ್ ಸಂಸ್ಥೆಯು ೨೦೧೬ರಲ್ಲಿ ಭಾರತದ ಎರಡು ತಂತ್ರಾಂಶ ಸಂಸ್ಥೆಗಳನ್ನು ಕೊಂಡುಕೊಂಡು ಬೆಂಗಳೂರಿನಲ್ಲಿ ತನ್ನ ಎಂಜಿನಿಯರಿಂಗ್ ಕೇಂದ್ರವನ್ನು ತೆರೆಯಿತು. ಮರುವರ್ಷ ಗ್ರಾಬ್ ಕೂಡ ಅದೇ ನಗರದಲ್ಲಿ ಕೇಂದ್ರವನ್ನು ಸ್ಥಾಪಿಸಿತು. ಜಕಾರ್ತದ ಬೀದಿಯಲ್ಲಿ ಓಜೆಕ್ ಸವಾರನಿಗೆ ಬರುವ ಕರೆಯ ಹಿಂದೆ ಬೆಂಗಳೂರಿನ ತರುಣ ತರುಣಿಯರ ದುಡಿಮೆಯಿದ್ದಿತು. ಇಂಥ ಉದ್ಯಮಗಳಲ್ಲಿ ಸಂಬಳದೊಡನೆ ಷೇರುಗಳನ್ನು ಕೊಡುವ ವಾಡಿಕೆಯುಂಟು. ಮಗನಿಗೆ ಇಷ್ಟು ಲಕ್ಷದ ಷೇರು ಬಂದಿದೆಯೆಂದು ತಂದೆತಾಯಿಗಳು ನೆಂಟರಿಗೆ ಹೇಳಿ ಸಂತೋಷಪಡುತ್ತಾರೆ. ಸಂತೋಷಪಡುವುದು ತಪ್ಪಲ್ಲ. ಆದರೆ ಅದು ಕಾಗದದ ಮೇಲಣ ಅರ್ಘ, ಕೈಗೆ ಬಂದ ಲಾಭವಲ್ಲ, ಎಂಬ ವಿವೇಕವೂ ಜೊತೆಗಿರಬೇಕು. ೨೦೨೨ರ ನವೆಂಬರಿನಲ್ಲಿ ಗೋಟೂ ೧,೩೦೦ ಮಂದಿ ನೌಕರರನ್ನು ಬಿಡಿಸಿತು. ಆ ಷೇರನ್ನು ನಂಬಿ ಮನೆ ಕೊಳ್ಳಲು ಸಾಲ ಮಾಡುವವನು, ತನಗೆ ತಿಳಿಯದೆಯೇ, ತಾನೂ ಒಬ್ಬ ಸಾಹಸ ಬಂಡವಾಳಗಾರನಾಗಿರುತ್ತಾನೆ. ಅದೂ ಹತ್ತು ಕಡೆ ಹೂಡಿದವನಲ್ಲ, ಒಂದೇ ಕಡೆ ಹೂಡಿದವನು.

ಹೊಡೆತವು ವಿದ್ಯೆ ಕಲಿಸದೆ ಬಿಟ್ಟಿಲ್ಲ. ಶಾಪೀ ಎಂಬ ಅಂತರ್ಜಾಲ ಪೇಟೆಯ ಒಡೆಯನಾದ ಸಿಂಗಪುರದ ಸೀ ಸಂಸ್ಥೆಯನ್ನೇ ನೋಡಿರಿ. ೨೦೧೭ರಲ್ಲಿ ೧೫ ಡಾಲರಿಗೆ ಮಾರಾಟವಾದ ಅದರ ಷೇರು ೨೦೨೧ರಲ್ಲಿ ೩೫೦ ಡಾಲರನ್ನು ದಾಟಿ, ಮರುವರ್ಷ ಐವತ್ತಕ್ಕೂ ಕೆಳಗೆ ಉರುಳಿತು. ಆಗ ಸಂಸ್ಥೆಯು ಖರ್ಚನ್ನು ಬಿಗಿಹಿಡಿದು, ದೂರದೂರದ ದೇಶಗಳಿಂದ ಹಿಂದೆ ಸರಿಯಿತು. ನಮ್ಮ ದೇಶದಲ್ಲಿ ಕೆಲವೇ ತಿಂಗಳು ನಡೆಸಿದ್ದ ಅಂಗಡಿಯನ್ನೂ ೨೦೨೨ರ ಮಾರ್ಚಿಯಲ್ಲಿ ಮುಚ್ಚಿತು. ೨೦೨೩ರಲ್ಲಿ ಮೊದಲ ಬಾರಿಗೆ ಇಡೀ ವರ್ಷದ ಲೆಕ್ಕದಲ್ಲಿ ಲಾಭವನ್ನು ತೋರಿಸಿತು. ಗ್ರಾಬ್ ಕೂಡ ಅದೇ ವರ್ಷದ ಕೊನೆಯ ತ್ರೈಮಾಸಿಕದಲ್ಲಿ ಮೊದಲ ಲಾಭದ ಮುಖವನ್ನು ಕಂಡಿತು. ಇತ್ತ ಬುಕಲಾಪಕ್ ೨೦೨೫ರ ಜನವರಿಯಲ್ಲಿ, ತಾನು ಹುಟ್ಟಿದ್ದೇ ಯಾವುದಕ್ಕಾಗಿಯೋ ಆ ಸರಕು ಮಾರಾಟವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ದೊಡ್ಡ ಹಣವು ಈಗ ಹೆಚ್ಚು ಘನವಾದ ನೆಲೆಗಳನ್ನು ಹುಡುಕುತ್ತಿದೆ. ೨೦೨೪ರಲ್ಲಿ ಕೆಕೆಆರ್ ಎಂಬ ಅಮೆರಿಕೆಯ ಸಂಸ್ಥೆಯೂ ಸಿಂಗಪುರದ ಸಿಂಗ್‌ಟೆಲ್ ಸಂಸ್ಥೆಯೂ ಸೇರಿ ದತ್ತಾಂಶ ಕೇಂದ್ರಗಳ ಉದ್ಯಮವೊಂದರಲ್ಲಿ ೧೭೫ ಕೋಟಿ ಸಿಂಗಪುರ ಡಾಲರನ್ನು ಹೂಡಿದವು. ನೆಲ, ಕಟ್ಟಡ, ವಿದ್ಯುತ್ತು, ಬಾಡಿಗೆ—ಕಣ್ಣಿಗೆ ಕಾಣುವ ವಸ್ತುಗಳು. ಆದರೂ ಎಲ್ಲರೂ ಒಂದೇ ಬಾಗಿಲಿಗೆ ಧಾವಿಸಿದಾಗ ಅಲ್ಲಿಯೂ ಬೆಲೆ ಏರುವುದೆಂಬುದನ್ನು ಮರೆಯಲಾಗದು.

ಆದುದರಿಂದ ಆ ನಾಲ್ಕು ಮಾತುಗಳ ಪರಸ್ಪರ ಸಂಬಂಧವೇ ಮುಖ್ಯ. ಉತ್ಸಾಹವು ಸತ್ಯವಾಗಿದ್ದರೂ, ಪೇಟೆ ಬೆಳೆಯುವುದೇ ನಿಶ್ಚಯವಾಗಿದ್ದರೂ, ಕೊಟ್ಟ ಬೆಲೆ ಅತಿಯಾದರೆ ಲಾಭವಿಲ್ಲ. ಬೆಲೆ ಮಿತವಾಗಿದ್ದರೂ ಹೊರಬರುವ ಬಾಗಿಲಿಲ್ಲದಿದ್ದರೆ ಲಾಭವು ಕಾಗದದಲ್ಲಿಯೇ ಉಳಿಯುತ್ತದೆ. ಇವೆಲ್ಲವೂ ಸರಿಯಾಗಿದ್ದು ಎಣಿಸಿ ನೋಡುವವನೇ ಇಲ್ಲದಿದ್ದರೆ ಲೆಕ್ಕವೇ ಸುಳ್ಳಾದೀತು. ನಾಡು ಉದ್ಧಾರವಾಗುವುದು ಬೇರೆ, ಹೂಡಿದವನು ಉದ್ಧಾರವಾಗುವುದು ಬೇರೆ. ಜಕಾರ್ತದ ಪ್ರಯಾಣಿಕನಿಗೆ ಅಗ್ಗದ ಸವಾರಿ ದೊರೆತದ್ದೂ ನಿಜ, ಆ ಸವಾರಿಯ ಬೆಲೆಯನ್ನು ದೂರದ ಯಾರೋ ತೆತ್ತದ್ದೂ ನಿಜ.

ನಾಳೆ ಯಾರಾದರೂ ನಮ್ಮ ಮನೆಯ ಬಾಗಿಲಿಗೆ ಬಂದು, ಇಂಥ ದೇಶದಲ್ಲಿ ಇಷ್ಟು ಕೋಟಿ ತರುಣರಿದ್ದಾರೆ, ಇಂಥ ಪೇಟೆ ಹತ್ತು ವರ್ಷದಲ್ಲಿ ಇಷ್ಟು ಪಟ್ಟಾಗುತ್ತದೆ, ಹಣ ಕೊಡಿ ಎಂದರೆ ಅವರ ಅಂಕಿಗಳನ್ನು ಅಲ್ಲಗಳೆಯಬೇಕಾಗಿಲ್ಲ. ಅವು ನಿಜವೇ ಇರಬಹುದು. ಬೆಲೆ ಎಷ್ಟು, ಸಂಪಾದನೆ ಎಲ್ಲಿಂದ, ಹೊರಬರುವುದು ಹೇಗೆ, ಎಣಿಸಿದವರು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ನಮ್ಮ ಭವಿಷ್ಯನಿಧಿಯನ್ನೂ ನಿವೃತ್ತಿವೇತನವನ್ನೂ ನೋಡಿಕೊಳ್ಳುವವರೂ ಈ ಪ್ರಶ್ನೆಗಳನ್ನು ಕೇಳುತ್ತಿದ್ದಾರೆಯೆ ಎಂದು ವಿಚಾರಿಸುವುದು ನಮ್ಮ ಹಕ್ಕು, ನಮ್ಮ ಕರ್ತವ್ಯವೂ ಹೌದು. ಉತ್ತರ ಕೊಡಲು ಯಾರಾದರೂ ಬೇಸರಪಟ್ಟುಕೊಂಡರೆ, ಆ ಬೇಸರವನ್ನೇ ಉತ್ತರವೆಂದು ತಿಳಿಯತಕ್ಕದ್ದು.